ಫೋಟೋದಲ್ಲಿ ಇಲ್ಲದ ಮೂಗು

ನಮ್ಮ ಓನರಮ್ಮನ ಬೆರಳುಗಳು ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಮಾತಾಡುತ್ತಲೇ ಎದುರಿಗಿದ್ದವರ ಸೀರೆಯ ಅಂಚು, ಬಳೆ, ಕೆನ್ನೆ ಎಲ್ಲವನ್ನೂ ಸವರಿ ನೋಡುತ್ತಿದ್ದವು. ಅವರಿಗೆ ಹುಟ್ಟಿದಾಗಿನಿಂದ ಕಣ್ಣಲ್ಲಿ ಪೊರೆ, ಏನೂ ಕಾಣುತ್ತಿರಲಿಲ್ಲ. ಎಂಬತ್ತರ ದಶಕದ ಶುರುವಿನಲ್ಲಿ ಕೆಲಸ ಸಿಕ್ಕಿತೆಂದು ಗದಗದಿಂದ ಬಂದು ಸಂಜಯನಗರದ ಅವರ ಹಿಂದಿನ ಕೋಣೆಗೆ ಬಾಡಿಗೆಗೆ ಸೇರಿದಾಗ, ನನ್ನ ಮುಖವನ್ನೂ ಸವರಿ, "ಊಟ ಸರಿಯಾಗಿ ಮಾಡಲ್ಲ ನೀನು" ಎಂದು ಗದರಿದ್ದರು. ಈ ಊರಿನಲ್ಲಿ ನನ್ನನ್ನು ಮುಟ್ಟಿ ಮಾತಾಡಿಸಿದವರು ಅವರೊಬ್ಬರೇ.

ಅವರ ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪೊರೆ ತೆಗೆಯಬಹುದು ಎಂದು ಡಾಕ್ಟರೊಬ್ಬರು ಹೇಳಿದಾಗ, ಐವತ್ತು ದಾಟಿದ್ದ ಅವರು ಒಪ್ಪಿದ್ದು ಒಂದೇ ಆಸೆಗೆ. ಗೋಡೆಯ ಮೇಲಿನ ಫೋಟೋದಲ್ಲಿ ಗಂಡನ ಮುಖ ನೋಡಬೇಕಿತ್ತು.

ಕಣ್ಣೇನೋ ಬಂತು. ಆದರೆ ಕಣ್ಣು ಕಂಡದ್ದು ಕೈಗೆ ಗೊತ್ತಾಗುತ್ತಿರಲಿಲ್ಲ. ಎದುರಿಗಿದ್ದ ಲೋಟ ಹಿಡಿಯಲು ಹೋಗಿ ಗಾಳಿ ಹಿಡಿಯುತ್ತಿದ್ದರು. ತಾರಸಿಯಿಂದ ಹೆಬ್ಬಾಳದ ಕಡೆಯ ಹೊಲ ತೋರಿಸಿದರೆ, "ಅದು ಎಮ್ಮೆನಾ? ಬೆಕ್ಕಿನಷ್ಟೇ ಇದೆಯಲ್ಲೇ!" ಎಂದರು. ನಾನು ನಕ್ಕೆ, ಅವರು ನಗಲಿಲ್ಲ. ಅಡುಗೆಮನೆಗೆ ಹೋಗುವಾಗ ಕಣ್ಣು ಮುಚ್ಚಿಕೊಂಡೇ ಹೋಗುತ್ತಿದ್ದರು.

ಫೋಟೋ ಇಳಿಸಿ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಗಾಜಿನ ಮೇಲೆ ಬೆರಳಾಡಿಸಿದರು.

"ಮೂಗೇ ಇಲ್ವಲ್ಲೇ. ಬರೀ ಚಪ್ಪಟೆ. ಯಾರಿವರು?"

ಗಂಡನ ಫೋಟೋ ನೋಡಿಯೂ ಒಂದು ಹನಿ ಕಣ್ಣೀರು ಹಾಕದ ಕಲ್ಲುಮನಸ್ಸಿನವಳು ಎಂದು ನೆಂಟರು ಆಡಿಕೊಂಡರು. ಆ ನೆಂಟರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಒಂದು ದಿನ ಯಲಹಂಕದ ಆಚೆಯ ಹಳ್ಳಿಯಿಂದ ಗಂಡನ ಅಣ್ಣ ಬಂದರು. ತಮ್ಮನದೇ ಅಚ್ಚು ಎನ್ನುತ್ತಿದ್ದರು ಎಲ್ಲರೂ. ಓನರಮ್ಮ ಸೆರಗು ಎಳೆದುಕೊಂಡು ಬಾಗಿಲ ಪಕ್ಕ ನಿಂತರು. ಅವರಲ್ಲಿ ಹೆಂಗಸರು ಭಾವನ ಎದುರು ಕೂರುವುದೂ ಇಲ್ಲ, ಮುಟ್ಟುವುದಂತೂ ದೂರದ ಮಾತು.

"ನನ್ನೇ ನೋಡವ್ವ. ಅವ್ನೂ ಇಂಗೇ ಇದ್ದ" ಎಂದರು ಮುದುಕರು.

ಓನರಮ್ಮ ಕಣ್ಣಗಲಿಸಿ ನೋಡಿದರು. ಕೈ ಅರ್ಧಕ್ಕೆ ಎದ್ದು, ಅಲ್ಲೇ ತಡೆದು, ಸೆರಗು ಹಿಡಿದುಕೊಂಡಿತು. ಮುದುಕರು ಅದನ್ನು ಗಮನಿಸಿ ತಲೆ ತಗ್ಗಿಸಿದರು. ಕಾಫಿ ಕುಡಿದು ಹೊರಟುಹೋದರು.

"ಒಂದ್ಸಲ ಸವರಿದ್ರೆ ಗೊತ್ತಾಗ್ತಿತ್ತು ಕಣೇ" ಎಂದರು ಓನರಮ್ಮ ಆಮೇಲೆ.

"ಸವರಬೇಕಿತ್ತಲ್ರಿ ಅಮ್ಮಾರ. ಯಾರ್ ನೋಡ್ತಿದ್ರು?"

"ನಾನು ನೋಡ್ತಿದ್ನಲ್ಲ."

ಅಂದಿನಿಂದ ಅವರು ಫೋಟೋದ ಕಡೆ ತಿರುಗಲಿಲ್ಲ. ಸಂಜೆ ನಾನು ಬರುವವರೆಗೆ ದೀಪ ಹಾಕದೆ ಕತ್ತಲಲ್ಲೇ ಕೂತಿರುತ್ತಿದ್ದರು.

ಎರಡು ವರ್ಷದ ನಂತರ ಓನರಮ್ಮ ತೀರಿಹೋದಾಗ ಭಾವ ಬಂದರು. ನಡುಮನೆಯಲ್ಲಿ ಮಲಗಿಸಿದ್ದ ಅವರ ಪಕ್ಕ ಕಷ್ಟಪಟ್ಟು ನೆಲಕ್ಕೆ ಕೂತು, ಅವರ ಕೈ ಎತ್ತಿ ತಮ್ಮ ಹಣೆಯ ಮೇಲಿಟ್ಟುಕೊಂಡರು. ನಿಧಾನವಾಗಿ ಮೂಗು, ಮೀಸೆ, ಗದ್ದದ ಮೇಲೆ ಆಡಿಸಿದರು.

"ಈಗ್ ನೋಡ್ಕೊಳವ್ವ" ಎಂದರು.

ಹೆಂಗಸರೆಲ್ಲ ಮುಖ ತಿರುಗಿಸಿಕೊಂಡರು. ನಾನು ತಿರುಗಿಸಲಿಲ್ಲ. ಓನರಮ್ಮನ ಪರವಾಗಿ ಯಾರಾದರೂ ನೋಡಬೇಕಿತ್ತು.