ವೆಂಕಟಾಚಲರ ಅಗ್ಗದ ಜೀ ಪೆಟ್ಟಿಗೆ

ಜಯನಗರದ ವೆಂಕಟಾಚಲರಿಗೆ ಬ್ಯಾಂಕಿನಿಂದ ನಿವೃತ್ತಿ ಆದ ಮೇಲೆ ಹತ್ತಿದ ಹುಚ್ಚು ಒಂದೇ, ರಿಮೋಟಿನಲ್ಲಿ ಪುಟಾಣಿ ವಿಮಾನ ಹಾರಿಸುವುದು. ಭಾನುವಾರ ಬಂತೆಂದರೆ ಸ್ಕೂಟರಿನ ಹಿಂದೆ ಹೆಂಡತಿ, ಹೆಂಡತಿಯ ತೊಡೆಯ ಮೇಲೆ ವಿಮಾನ, ಹುಳಿಮಾವಿನ ಆಚೆಗಿನ ಬಯಲಿಗೆ ಸವಾರಿ. ವಿಮಾನಗಳಿಗೆ ಮಾತ್ರ, ಪಾಪ, ಆಯುಸ್ಸು ಕಡಿಮೆ. ಮೇಲೇರಿ ಒಂದು ಪಲ್ಟಿ ಹೊಡೆಯುವಷ್ಟರಲ್ಲಿ ರೆಕ್ಕೆ ಮುರಿದು ದೊಪ್ಪೆಂದು ಬೀಳುತ್ತಿದ್ದವು.

"ಅಂಟು ಸರಿಯಿಲ್ಲ ಕಣೇ," ಎನ್ನುತ್ತಿದ್ದರು ವೆಂಕಟಾಚಲ.

"ಅಂಟಲ್ಲ ರೀ, ನಿಮ್ ಕೈ. ಹಾಗೆ ದಬಕ್ ಅಂತ ಎಳದ್ರೆ ರೆಕ್ಕೆ ಏನ್ ಮಾಡತ್ತೆ?"

ಹೆಂಡತಿ ವಾರಿಜಮ್ಮ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಆಗಿದ್ದವರು, ಸುಮ್ಮನೆ ಬಿಡುತ್ತಾರೆಯೇ? ಪಂಥಕ್ಕೇ ನಿಂತರು. ವಿಮಾನ ಗಕ್ಕನೆ ತಿರುಗಿದಾಗ ಅದರ ಮೇಲೆ ತನ್ನ ತೂಕದ ಎಷ್ಟು ಪಟ್ಟು ಭಾರ ಬಿತ್ತು ಎಂದು ಅಳೆದಿಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆ ಸಿಗುತ್ತದೆ, ಡೇಟಾ ಲಾಗರ್ ಅಂತ. ಲೆಕ್ಕ 'ಜೀ'ಗಳಲ್ಲಿ, ಎರಡು ಪಟ್ಟಾದರೆ ಎರಡು ಜೀ. ಐದು ಜೀ ದಾಟಿದರೆ ರಿಮೋಟು ವಾರಿಜಮ್ಮನ ಕೈಗೆ. ದಾಟದಿದ್ದರೆ ಅವರು ಇನ್ನು ತುಟಿ ಬಿಚ್ಚುವ ಹಾಗಿಲ್ಲ.

ರಿಮೋಟು ಬಿಟ್ಟುಕೊಡುವುದೆಂದರೆ ವೆಂಕಟಾಚಲರಿಗೆ ಜೀವವೇ ಹೋದ ಹಾಗೆ. ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಪೆಟ್ಟಿಗೆ ಹುಡುಕಿದರು. ಒಳ್ಳೆಯದು ಕ್ಷಣಕ್ಷಣದ ಜೀಯನ್ನೂ ಗೆರೆ ಎಳೆದು ತೋರಿಸುತ್ತಿತ್ತು; ಬೆಲೆಯೂ ಹಾಗೇ ಇತ್ತು ಅನ್ನಿ. ಅಗ್ಗದ್ದು ಶುದ್ಧ ಮೊದ್ದು. ಆನ್ ಮಾಡಿದಾಗಿನಿಂದ ಬಿದ್ದ ಅತಿ ದೊಡ್ಡ ಪೆಟ್ಟು ಎಷ್ಟು, ಅದೊಂದೇ ಅಂಕಿ. ಯಾವಾಗ ಬಿತ್ತು? ಊಹೂಂ, ಬಾಯಿ ಬಿಡದು. ನಮ್ಮ ಕಿಲಾಡಿ ಆರಿಸಿದ್ದು ಅದನ್ನೇ. ಅಂಕಿ ಹೆಚ್ಚು ಬಂದರೆ ಗಾಳಿ ಬೀಸಿತು, ಇಳಿಯುವಾಗ ಕಲ್ಲು ತಾಗಿತು ಅಂತ ಏನಾದರೂ ಹೇಳಿ ಜಾರಿಕೊಳ್ಳಬಹುದಲ್ಲ!

"ಯಾವಾಗ ಅಂತ ಇದು ಹೇಳಲ್ವಾ?" ವಾರಿಜಮ್ಮ ಕೇಳಿದರು.

"ಪೆನ್ಶನ್ ದುಡ್ಡಿಗೆ ಇಷ್ಟೇ ಕಣೇ ಬರೋದು," ಎಂದರು, ಮುಖ ಸಪ್ಪಗೆ ಮಾಡಿಕೊಂಡು.

ಭಾನುವಾರ ಮನೆಯಲ್ಲೇ ಪೆಟ್ಟಿಗೆ ಆನ್ ಮಾಡಿ, ವಿಮಾನದ ಹೊಟ್ಟೆಯೊಳಗೆ ಕೂರಿಸಿ, ಮೇಲೆ ಟೇಪು ಸುತ್ತಿ ಹೊರಟರು. ಬಯಲಿನಲ್ಲಿ ಅವತ್ತು ಅವರು ಹಾರಿಸಿದ್ದನ್ನು ನೋಡಬೇಕಿತ್ತು! ಪಲ್ಟಿಗಿಲ್ಟಿ ಏನೂ ಇಲ್ಲ. ತೊಟ್ಟಿಲು ತೂಗಿದ ಹಾಗೆ ಎರಡು ಸುತ್ತು ಹೊಡೆಸಿ ಮೆತ್ತಗೆ ಹುಲ್ಲಿನ ಮೇಲೆ ಇಳಿಸಿದರು. ಮೀಸೆ ತಿರುವುತ್ತಾ ಟೇಪು ಬಿಚ್ಚಿ ನೋಡಿದರೆ, ಎಂಟೂವರೆ ಜೀ!

ಪೆಟ್ಟಿಗೆಯನ್ನು ತಿರುಗಿಸಿ ಮತ್ತೆ ನೋಡಿದರು. ಆಮೇಲೆ ಹೊಳೆಯಿತು. "ಅಯ್ಯೋ, ಇದು ಹಾರಿಸ್ದಾಗ ಬಂದಿದ್ದಲ್ಲ ಕಣೇ! ಮನೇಲೇ ಆನ್ ಮಾಡಿದ್ನಲ್ಲ, ದಾರೀಲಿ ಅರೆಕೆರೆ ಹತ್ರ ಸ್ಕೂಟರ್ ಹಂಪ್ ಎಗರಿಸ್ದಾಗ ಬಂದಿರೋದು!"

"ಯಾವಾಗ ಅಂತ ಅದು ಹೇಳಲ್ವಲ್ಲ ರೀ?"

"ದೇವ್ರಾಣೆಗೂ ರೋಡಲ್ಲೇ ಕಣೇ!"

"ಸರಿ, ನಂಬ್ತೀನಿ. ಹಾರಿಸ್ದಾಗ ಅಂದ್ರೆ ರಿಮೋಟ್ ಕೊಡಿ. ರೋಡಲ್ಲಿ ಅಂದ್ರೆ ಸ್ಕೂಟರ್ ಕೀ ಕೊಡಿ. ಎಂಟೂವರೆ ಜೀಲಿ ನನ್ನ ಕುಕ್ಕಿ ಕುಕ್ಕಿ ಕರ್ಕೊಂಡ್ ಬರ್ತಿದೀರಲ್ಲ, ಸೊಂಟ ಇನ್ನೇನಾಗ್ಬೇಕು?"

ವೆಂಕಟಾಚಲ ಕೀ ಕೊಟ್ಟುಬಿಟ್ಟರು. ಗೆದ್ದೆನಲ್ಲ ಎಂಬ ಖುಷಿ ತಡೆಯಲಾಗಲಿಲ್ಲ. ರಿಮೋಟನ್ನು ಎದೆಗವಚಿಕೊಂಡು ಹಿಂದಿನ ಸೀಟಿನಲ್ಲಿ ಕೂತರು.

ವಾರಿಜಮ್ಮ ಕನ್ನಡಿ ಸರಿಮಾಡಿಕೊಳ್ಳುತ್ತಾ, "ಮುಂದಿನ ಭಾನುವಾರ ಹನುಮಂತನಗರ, ನಮ್ಮಕ್ಕನ ಮನೆ. ಅದರ ಮುಂದಿನ ಭಾನುವಾರಾನೂ," ಎಂದರು.

"ಮತ್ತೆ ವಿಮಾನ?"

"ರಿಮೋಟ್ ನಿಮ್ ಹತ್ರಾನೇ ಇದ್ಯಲ್ಲ ರೀ," ಎಂದು ವಾರಿಜಮ್ಮ ಗಾಡಿ ಸ್ಟಾರ್ಟ್ ಮಾಡಿದರು.