ಗೆರೆ ಕಾಣದ ಜಾಗ

ಆ ದಿನ ಬೆಳಿಗ್ಗೆಯೂ ನೀರುದೋಸೆಯೇ. ಕಾವಲಿ ಕಾದಿದೆಯೋ ಎಂದು ಬೆರಳಲ್ಲಿ ನೀರು ಚಿಮುಕಿಸಿದೆ, ಕೆಳಗೆ ರಸ್ತೆಯಲ್ಲಿ ಮೀನಿನವನ ಹಾರ್ನ್ ಕೇಳಿತು, ನನ್ನ ಗಂಡ ತಿಂಡಿ ತಿಂದು ಕೊಡಿಯಾಲ್‌ಬೈಲಿನ ಹೋಟೆಲಿಗೆ ಕೆಲಸಕ್ಕೆ ಹೊರಟರು. ಅವರು ನಿಂತುಕೊಂಡೇ ತಿಂದದ್ದು. ಕುಲಶೇಖರದ ನಮ್ಮ ಫ್ಲ್ಯಾಟಿನ ಊಟದ ಮೇಜಿನಲ್ಲಿ ತಟ್ಟೆ ಇಡಲು ಜಾಗ ಇರಲಿಲ್ಲ. ಮೇಜು ತುಂಬ ಭೂಕಂಪ.

ಮಗಳ ಕೆಲಸ ಅದು. ಅವಳು ಹುಟ್ಟುವುದಕ್ಕೆ ಎಷ್ಟೋ ಮೊದಲು ಆದ ಭೂಕಂಪಗಳ ಹಳೆಯ ದಾಖಲೆ ಓದಿ, ನೆಲ ಎಷ್ಟು ಜೋರಾಗಿ ಅಲುಗಿತ್ತು ಎಂದು ಕಂಡುಹಿಡಿಯುವುದು. ಆಗಿನ ಯಂತ್ರದಲ್ಲಿ ಒಂದು ಬೆಳಕಿನ ಚುಕ್ಕಿ ಫೋಟೋ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತಂತೆ. ನೆಲ ಸುಮ್ಮನಿದ್ದರೆ ನೇರ ಗೆರೆ, ಅಲುಗಿದರೆ ಅಂಕುಡೊಂಕು. ಗೆರೆಗಳು ಒಂದಕ್ಕೊಂದು ಅಡ್ಡ ಹಾಯ್ದಲ್ಲಿ ಕಂಪ್ಯೂಟರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ, ಕಣ್ಣಿನಿಂದಲೇ ಹಿಂಬಾಲಿಸಬೇಕು. ಕಾನ್ವೆಂಟಿನಲ್ಲಿ ಕಸೂತಿ ಕಲಿಸಿದ ಸಿಸ್ಟರ್, ಬಟರ್ ಪೇಪರಿನ ಮೇಲೆ ಹೂವಿನ ಬಳ್ಳಿಯನ್ನು ಗೆರೆ ತಪ್ಪದೆ ಎತ್ತಿಕೊಳ್ಳುವುದನ್ನು ನಮಗೆ ಚೆನ್ನಾಗಿಯೇ ಕಲಿಸಿದ್ದರು. ಹಾಗಾಗಿ ಪಾತ್ರೆ ತೊಳೆದ ಮೇಲೆ ನಾನೂ ಪೆನ್ಸಿಲ್ ಹಿಡಿದು ಕೂರುತ್ತಿದ್ದೆ.

ಅಂದು ಒಂದು ದೊಡ್ಡ ಕಂಪನದ ಪ್ರಿಂಟು. ಗೆರೆ ಸಣ್ಣಗೆ ನಡುಗಿ, ಮೇಲಕ್ಕೆ ಕೆಳಕ್ಕೆ ಹಾರಿ, ಇದ್ದಕ್ಕಿದ್ದಂತೆ ಮಾಯ. ಖಾಲಿ ಕಾಗದ. ಸ್ವಲ್ಪ ಆಚೆ ಮತ್ತೆ ಗೆರೆ. ಬಳ್ಳಿ ತುಂಡಾದಲ್ಲಿ ನಾವು ಮಾಡುತ್ತಿದ್ದಂತೆ ಎರಡು ತುದಿಗಳನ್ನು ಚಂದಕ್ಕೆ ಸೇರಿಸಿಬಿಟ್ಟೆ.

"ಅಮ್ಮ, ಎಂತ ಮಾಡಿದ್ದು ನೀನು? ಇಲ್ಲಿ ಗೆರೆ ಎಲ್ಲಿ ಉಂಟು?"

"ಅಲ್ಲಿ ಎಂತದೂ ಇರಲಿಲ್ಲ ಮಗಾ. ಭೂಮಿ ಸ್ವಲ್ಪ ಸುಧಾರಿಸಿಕೊಂಡಿತೇನೋ ಎಂದು."

"ಸುಧಾರಿಸಿಕೊಳ್ಳಲಿಕ್ಕೆ ಅದೆಂತ ನಿನ್ನ ಹಾಗೆ ಹತ್ತು ಗಂಟೆಯ ಚಾ ಕುಡಿಯುತ್ತದಾ? ಅಲ್ಲೇ ಎಲ್ಲಕ್ಕಿಂತ ಜೋರು. ಚುಕ್ಕಿ ಓಡಿದ ಓಟಕ್ಕೆ ಕಾಗದದಲ್ಲಿ ಬೆಳಕು ಹಿಡಿಯಲೇ ಇಲ್ಲ."

ನಾನು ರಬ್ಬರ್ ತೆಗೆದುಕೊಂಡೆ.

ಮೇಲಿನ ಮನೆಯಲ್ಲಿ ಆಗಲೇ ಶುರುವಾಗಿತ್ತು. ಹೆಂಡತಿಗೆ ಹೊಡೆಯುವ ಗಂಡಸು ಅವನು. ಹಿಂದೆಲ್ಲ ಹೋಗಿ ಬಾಗಿಲು ಬಡಿದಾಗ ಅವಳೇ ಬಂದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಎಂತ ಇಲ್ಲ ಆಂಟಿ" ಎನ್ನುತ್ತಿದ್ದಳು. ಅಂದು ಮೊದಲು ಲೋಟಗಳ ಕಿಣಿಕಿಣಿ, ಆಮೇಲೆ ಕುರ್ಚಿ ಬಿದ್ದದ್ದು, ಆಮೇಲೆ ಮೆತ್ತಗಿನದೇನೋ ಗೋಡೆಗೆ ಮತ್ತೆ ಮತ್ತೆ ಅಪ್ಪಳಿಸಿದ್ದು. ನಮ್ಮ ಫ್ಯಾನು ಅಲುಗಿ ರೆಕ್ಕೆಯ ಧೂಳು ಪ್ರಿಂಟಿನ ಮೇಲೆ ಉದುರಿತು. ಅವಳು ಕೂಗಿದಳು. ಕೂಗು ನಡುವಿನಲ್ಲೇ ತುಂಡಾಯಿತು.

ಆಮೇಲೆ ಎಂತದೂ ಇಲ್ಲ.

ಮಗಳೂ ನಾನೂ ಒಟ್ಟಿಗೆ ಎದ್ದೆವು. ರಬ್ಬರ್ ಕೈಯಲ್ಲೇ ಇತ್ತು.

ಅವರ ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ಅರ್ಧ ಎಳೆದ ರಂಗೋಲಿ, ಮಗುಚಿದ ಪುಡಿಯ ಡಬ್ಬಿ, ಒಳಗಿನವರೆಗೆ ಎಳೆದುಕೊಂಡು ಹೋದ ಬಿಳಿ ಗುರುತು. ಅಡುಗೆಮನೆಯ ನೆಲದಲ್ಲಿ ಅವಳು ಬೋರಲು ಬಿದ್ದಿದ್ದಳು. ಅವನು ಬೆನ್ನಿಗೆ ಮೊಣಕಾಲೂರಿ, ಮಿಕ್ಸಿಯ ವಯರು ಕುತ್ತಿಗೆಗೆ ಸುತ್ತಿ ಎಳೆಯುತ್ತಿದ್ದ. ಅವಳ ಮುಖ ನೇರಳೆ ಹಣ್ಣಾಗಿತ್ತು. ಕಾಲುಗಳು ಮ್ಯಾಟಿನ ಮೇಲೆ ಬಡಿದುಕೊಳ್ಳುತ್ತಿದ್ದವು, ಮ್ಯಾಟು ಸದ್ದನ್ನೆಲ್ಲ ನುಂಗುತ್ತಿತ್ತು.

ನಾನು ಅವನ ಕೂದಲು ಹಿಡಿದು ಎಳೆದೆ. ಅವನ ಮೊಣಕೈ ನನ್ನ ಬಾಯಿಗೆ ಬಿತ್ತು. ಹಲ್ಲೊಂದು ಮುರಿದು ನಾಲಗೆಯ ಮೇಲೆ ಬಂತು. ಇನ್ನೊಂದು ಏಟಿಗೆ ನನ್ನ ತಲೆ ಗ್ಯಾಸಿನ ಕಟ್ಟೆಗೆ ತಾಗಿತು. ಮಗಳು ಮೂಲೆಯಲ್ಲಿದ್ದ ಕಾಯಿ ತುರಿಯುವ ಹೆರೆಮಣೆ ಎತ್ತಿ ಅವನ ಹೆಗಲಿಗೆ ಹಾಕಿದಳು. ಅವನು ವಯರು ಬಿಡಲಿಲ್ಲ. ಮತ್ತೆ ಹಾಕಿದಳು. ಕಾಯಿ ಒಡೆದಂಥ ಸದ್ದು. ವಯರು ಸಡಿಲವಾಯಿತು. ಅಷ್ಟಾದರೂ ಎದ್ದು ನಿಂತು, ಪಕ್ಕಕ್ಕೆ ಹೊರಳಿದ ಹೆಂಡತಿಯ ಹೊಟ್ಟೆಗೆ ಒದ್ದ. ಕೆಳಗಿನಿಂದ ಓಡಿಬಂದ ವಾಚ್‌ಮನ್ ಅವನನ್ನು ಗೋಡೆಗೆ ಒತ್ತಿ ಹಿಡಿದದ್ದು ಆಮೇಲೆ. ಅವಳು ಉಸಿರು ಎಳೆದುಕೊಂಡಾಗ ಹಳೆಯ ಗರಗಸದ ಹಾಗೆ ಕೇಳಿತು.

ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟ ಇತ್ತು ಅಮ್ಮ" ಎಂದರು. ಅವಳಿಗೆ ಸ್ವರ ಹೊರಡುತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಬೆರಳ ಸಂದಿನಲ್ಲಿ ಇನ್ನೂ ರಂಗೋಲಿ ಪುಡಿ. ಪೊಲೀಸಿನವರು ಅವನನ್ನು ಕರೆದುಕೊಂಡು ಹೋಗಿದ್ದರು. ಅವಳ ಅಣ್ಣ ವಾಮಂಜೂರಿನಿಂದ ಬಂದ ಮೇಲೆ ನಾವು ಮನೆಗೆ ಹೊರಟೆವು.

ಸಂಜೆ ನಮ್ಮ ಎದುರು ಬಾಗಿಲಿನವರು ನನಗೆ ತೆಳು ಗಂಜಿ ತಂದರು. ಗಲ್ಫಿನಲ್ಲಿರುವ ಗಂಡನೊಡನೆ ದಿನಾ ಫೋನಿನಲ್ಲಿ ಜಗಳವಾಡಿ ನಗುವ, ಒಳ್ಳೆಯ ಮನಸ್ಸಿನ ಹೆಂಗಸು. ನನ್ನ ಬಾತ ತುಟಿ ನೋಡಿ ಚ್ಚು ಚ್ಚು ಎಂದರು. ಪ್ರಿಂಟಿನ ಮೇಲಿದ್ದ ಧೂಳನ್ನು ಸೆರಗಿನಿಂದ ಕೊಡವಿ ಪಾತ್ರೆ ಇಟ್ಟರು.

"ನನಗೆ ಗೊತ್ತೇ ಆಗಲಿಲ್ಲ ನೋಡಿ ಅಕ್ಕ. ಶಬ್ದ ಒಮ್ಮೆಗೇ ನಿಂತಿತಲ್ಲ, ಅಬ್ಬ, ಇವತ್ತು ಬೇಗ ಮುಗಿಯಿತು ಅಂತ ನಾನು ಜೋರು ಮಾಡಿಟ್ಟಿದ್ದ ಟಿ.ವಿ.ಯ ಸೌಂಡ್ ಕಡಿಮೆ ಮಾಡಿದೆ."