ಆಯಿಯ ಅಡ್ಜಸ್ಟ್

ಇವತ್ತು ಖಾನಾಪುರದ ಬಸ್ಸಿನಲ್ಲಿ ಕೂಸು ಎತ್ತಿಕೊಂಡ ಹೆಣ್ಣುಮಗಳೊಬ್ಬಳು, "ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ" ಅಂದಳು. ಥಟ್ಟನೆ ಆಯಿ ನೆನಪಾದಳು, ನಮ್ಮವ್ವನ ಅವ್ವ.

ಶಾಲೆಯ ಮೆಟ್ಟಿಲು ಹತ್ತದ ಆಯಿಗೆ ಬರುತ್ತಿದ್ದ ಇಂಗ್ಲಿಷ್ ಅಂದರೆ ಅದೊಂದೇ ಶಬ್ದ. ಬೆಳಗಾವಿಗೆ ಹೋಗುವಾಗ ಬಸುರಿಯೋ ಬಾಣಂತಿಯೋ ಬಸ್ ಹತ್ತಿದರೆ ಸಾಕು, ಗೆಣಸಿನ ಚೀಲವನ್ನು ನನ್ನ ತೊಡೆಗೆ ದಾಟಿಸಿ, ಸೆರಗು ಸಿಕ್ಕಿಸಿಕೊಂಡು ಎದ್ದೇಬಿಡುತ್ತಿದ್ದಳು.

"ನೀ ಕುಂದರವಾ, ನಾ ಅಡ್ಜಸ್ಟ್ ಮಾಡ್ಕೋತೀನಿ."

"ಆಯಿ, ನಿನ್ನ ಮೊಣಕಾಲು ನೋಯ್ತಾವಲ್ಲ?"

"ಅವೂ ಅಡ್ಜಸ್ಟ್ ಮಾಡ್ಕೋತಾವ, ಸುಮ್ನಿರು."

ಊರೆಲ್ಲ 'ಅಡ್ಜಸ್ಟ್ ಮಾಡ್ಕೋ' ಅನ್ನೋ ಮಾತನ್ನು ಮತ್ತೊಬ್ಬರಿಗೆ ಹೇಳುತ್ತಿತ್ತು. ಆಯಿ ಮಾತ್ರ ತನಗೇ ಹೇಳಿಕೊಂಡು, ಕಂಬಿ ಹಿಡಿದು ನಗುತ್ತ ನಿಂತಿರುತ್ತಿದ್ದಳು.

ಇವತ್ತು ಆ ತಾಯಿ ಕೇಳಿದಾಗ, ನಾನು ಮೊದಲು ನೋಡಿದ್ದು ಪಕ್ಕದವರ ಮುಖವನ್ನು. ಆಮೇಲೆ ಎದ್ದು ನಿಂತು, ಕಂಬಿ ಹಿಡಿದೆ.